ಗಿಟಾರ್ ಗುಂಯ್ ಎಂದರೆ ಅರ್ಥ್ ಪಿನ್ ಕತ್ತರಿಸಬೇಡಿ

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ಹಳೆಯ ಬಾಡಿಗೆ ಮನೆ ನನ್ನದು. ಎಲೆಕ್ಟ್ರಿಕ್ ಗಿಟಾರನ್ನು ಆಂಪ್‌ಗೆ (ಆಂಪ್ಲಿಫೈಯರ್) ಹಾಕಿ, ಅದರ ಲೈನ್ ಔಟ್‌ನಿಂದ ಇಂಟರ್‌ಫೇಸ್‌ಗೆ (ಗಿಟಾರ್ ಸದ್ದನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಕೊಟ್ಟು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಸದಾ ಗುಂಯ್ ಎನ್ನುತ್ತದೆ. ತಂತಿ ಮುಟ್ಟಿದರೆ ಸ್ವಲ್ಪ ತಗ್ಗುತ್ತದೆ. ಆಂಪ್ ಪ್ಲಗ್‌ನ ಮೂರನೇ ಪಿನ್ ಕತ್ತರಿಸು ಎಂದು ಗೆಳೆಯ ಹೇಳಿದ. ಮಾಡಲೇ?

ಉತ್ತರ: ಬೇಡವೇ ಬೇಡ. ಈ ಸಲಹೆ ಮತ್ತೆ ಮತ್ತೆ ನನ್ನ ಮುಂದೆ ಬರುತ್ತದೆ, ಕೊಡುವವರ ಮೇಲೆ ಸಿಟ್ಟೂ ಬರುತ್ತದೆ. ಗಿಟಾರ್ ತಂತಿಗಳು ಬ್ರಿಜ್ (ತಂತಿ ಕೂರುವ ಲೋಹದ ಭಾಗ) ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಆ ಪಿನ್ ಇಲ್ಲದಾಗ ಆಂಪ್ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ನಿಮ್ಮ ಬೆರಳಿಗೆ ಬರಬಹುದು.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸಿ. ಶಬ್ದ ನಿಂತರೆ ತೊಂದರೆ ಚಾರ್ಜರ್ ಕಡೆಯದು. ಚಾರ್ಜರ್‌ಗೂ ಮೂರು ಪಿನ್ ಇದ್ದರೆ ಆಂಪ್‌ನದೊಂದು, ಚಾರ್ಜರ್‌ನದೊಂದು ಎಂದು ಅರ್ಥ್‌ಗೆ ಎರಡು ದಾರಿ ಆಗಿ ಗ್ರೌಂಡ್ ಲೂಪ್, ಅಂದರೆ ಗುಂಯ್ ಎನಿಸುವ ಸುತ್ತು, ಹುಟ್ಟುತ್ತದೆ. ಆಂಪ್, ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಆಂಪ್‌ಗೂ ಇಂಟರ್‌ಫೇಸ್‌ಗೂ ನಡುವೆ ಹಾಕಲು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ ಹೊಂದಿಸುವ ಚಿಕ್ಕ ಪೆಟ್ಟಿಗೆ) ಕೊಳ್ಳಿ. ಅದರ ಗ್ರೌಂಡ್ ಲಿಫ್ಟ್ ಬಟನ್ ಆಡಿಯೋ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಮುಟ್ಟುವುದಿಲ್ಲ.

ಬ್ಯಾಟರಿ ಮೇಲೂ ಗುಂಯ್ ಇದೆಯಾ? ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬ್ ಒಂದೊಂದಾಗಿ ಆರಿಸಿ. ಕೂತಲ್ಲೇ ಗಿಟಾರ್ ತಿರುಗಿಸಿ. ಒಂದು ದಿಕ್ಕಿಗೆ ತಗ್ಗಿದರೆ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿಯ ಭಾಗ) ಮನೆ ಕರೆಂಟಿನ 50 ಹರ್ಟ್ಸ್ ಹಮ್, ಅಂದರೆ ಗುಂಯ್ ಶಬ್ದ, ಹಿಡಿಯುತ್ತಿದೆ. ಅದೇ ದಿಕ್ಕಿಗೆ ಕೂತು ಬಾರಿಸಿ. ಈ ಹಮ್ ತಗ್ಗಿಸಲೆಂದೇ 1955ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯಿಲ್‌ನ ಹಂಬಕರ್ ಪಿಕಪ್ ರೂಪಿಸಿದರು. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಸಾಧನ) ನಂಬಬೇಡಿ, ಬಾರಿಸದಿದ್ದಾಗ ಮಾತ್ರ ಅದು ಬಾಯಿ ಮುಚ್ಚಿಸುತ್ತದೆ.

ತಂತಿ ಮುಟ್ಟಿದಾಗ ಶಬ್ದ ತಗ್ಗುವುದು ಸಹಜ. ಬೆರಳು ಜುಮ್ ಎಂದರೆ ಮಾತ್ರ ತಕ್ಷಣ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಅಳೆಸಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರಬಹುದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ನೀರು ಹಾಕಬೇಕು. 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನೂ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಬಾಡಿಗೆ ಮನೆ ಅಲ್ವಾ, ಮಾಲೀಕರನ್ನು ಬಿಡದೆ ಕೇಳಿ. ಗೀಸರ್‌ಗೂ ಇದೇ ಅರ್ಥ್ ಬೇಕು.

ಪ್ರಶ್ನೆ (ಹಾವೇರಿ): ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲವಾ?

ಉತ್ತರ: ಚೆನ್ನಾಗಿಯೇ ಕೇಳಿಸುತ್ತದೆ, ಜೊತೆಗೆ ಬೇಗ ಬೆಂಕಿ ಹತ್ತುತ್ತದೆ. ಕಿತ್ತು ಹಾಕಿ.

ಪ್ರಶ್ನೆ (ಗದಗ): ಆಂಪ್ ಇಲ್ಲದೆ ಸಾಫ್ಟ್‌ವೇರ್‌ನಲ್ಲಿ ಗಿಟಾರ್‌ಗೆ ಡಿಸ್ಟಾರ್ಷನ್ (ಒರಟು ಸದ್ದು) ಹಾಕಿದರೆ ಜೇನ್ನೊಣದ ಗೂಡಿನಂತೆ ಕೇಳುತ್ತದೆ. ಯಾಕೆ?

ಉತ್ತರ: ನೀವು ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್) ಹಾಕಿಲ್ಲ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸುತ್ತದೆ, ಸ್ಪೀಕರ್ ಇಲ್ಲದಾಗ ಆ ಕೆಲಸ ಈ ಸಿಮ್ಯುಲೇಷನ್ ಮಾಡಬೇಕು.