ನೀಲಿ ದೀಪ ಉರಿದರೂ ಸೀಸೆಯಲ್ಲಿ ಬೂಷ್ಟು ಏಕೆ?

ಪ್ರಶ್ನೆ: ಬ್ರಹ್ಮಾವರದ ಸಮೀಪ ನಮಗೊಂದು ಸಣ್ಣ ಬಾಳೆತೋಟವಿದೆ. ಗಿಡದ ಸಣ್ಣ ತುಂಡಿನಿಂದ ಸೀಸೆಯಲ್ಲಿ ಸಸಿ ಬೆಳೆಸುವ ಅಂಗಾಂಶ ಕೃಷಿಯಲ್ಲಿ ತರಬೇತಿ ಪಡೆದ ಮಗಳ ನೆರವಿನಿಂದ ಮನೆಯ ಕೋಣೆಯೊಂದರಲ್ಲಿ ನೇಂದ್ರ ಬಾಳೆಯ ಸಸಿಗಳನ್ನು ಬೆಳೆಸತೊಡಗಿದ್ದೇವೆ. ಪೆಟ್ಟಿಗೆಯೊಂದಕ್ಕೆ ನೇರಳಾತೀತ ದೀಪ ಅಳವಡಿಸಿ, ಮಾಧ್ಯಮ (ತುಂಡಿಗೆ ಆಹಾರವಾಗುವ ಪಾಕ) ತುಂಬಿ ಮುಚ್ಚಿದ ಸೀಸೆಗಳನ್ನೂ ಕಂದಿನಿಂದ ಕತ್ತರಿಸಿದ ತುಂಡುಗಳನ್ನೂ ಅರ್ಧ ಗಂಟೆ ಅದರ ಕೆಳಗಿಡುತ್ತೇವೆ. ಆದರೂ ಮಳೆಗಾಲ ಹಿಡಿದಂದಿನಿಂದ ಹೆಚ್ಚಿನ ಸೀಸೆಗಳು ಹಾಳಾಗುತ್ತಿವೆ. ದೀಪವನ್ನು ಇನ್ನೂ ಹೆಚ್ಚು ಹೊತ್ತು ಉರಿಸಬೇಕೇ?

ಉತ್ತರ: ಬೇಡ. ಆ ದೀಪದಿಂದ ಆಗುವ ಕೆಲಸ ಒಂದು, ನೀವು ಅದಕ್ಕೆ ವಹಿಸಿರುವ ಕೆಲಸ ಇನ್ನೊಂದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾದರಸದ ದೀಪವು ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಕಿರಣವನ್ನು ಹೊಮ್ಮಿಸುತ್ತದೆ; ಅದು ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮೀನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುವುದರಿಂದ ಜೀವಿಯ ವೃದ್ಧಿ ನಿಲ್ಲುತ್ತದೆ. ಆದರೆ ಈ ಕಿರಣ ಸಾಮಾನ್ಯ ಗಾಜನ್ನು ದಾಟುವುದಿಲ್ಲ. ಹಾಗಾಗಿ ಮುಚ್ಚಿದ ಸೀಸೆಯೊಳಗಿನ ಮಾಧ್ಯಮಕ್ಕೆ ನಿಮ್ಮ ಅರ್ಧ ಗಂಟೆಯ ಬೆಳಕು ತಲುಪಿಯೇ ಇಲ್ಲ. ಸೀಸೆಗಳ ನೆರಳು ಬಿದ್ದ ಜಾಗವೂ ಚಿಮುಟದ ಅಡಿಮಗ್ಗುಲೂ ಮೊದಲಿದ್ದಂತೆಯೇ ಉಳಿದಿವೆ. ನಮ್ಮ ಕರಾವಳಿಯ ಆಟಿ ತಿಂಗಳ ತೇವದಲ್ಲಿ ದೀಪದ ಪ್ರಭಾವ ಇನ್ನಷ್ಟು ತಗ್ಗುತ್ತದೆ, ಗೋಡೆಯಿಂದ ಹಾರುವ ಕಪ್ಪು ಬೂಷ್ಟಿನ ಬೀಜಕಗಳಿಗಂತೂ ಅವುಗಳ ಬಣ್ಣವೇ ಕೊಡೆಯಾಗುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಅಗರ್ ಮಾಧ್ಯಮದ ಮೂರು ತಟ್ಟೆಗಳನ್ನು ಕೋಣೆಯಲ್ಲಿ ಅರ್ಧ ಗಂಟೆ ತೆರೆದಿಟ್ಟು, ಆಮೇಲೆ ಒಂದನ್ನು ತೆರೆದಂತೆಯೇ ದೀಪದ ಕೆಳಗೂ, ಇನ್ನೊಂದನ್ನು ಕಿಟಕಿಯ ಗಾಜಿನ ತುಂಡು ಮುಚ್ಚಿ ಅದರ ಪಕ್ಕದಲ್ಲೂ ಇಡಿ. ಮೂರನೆಯದಕ್ಕೆ ದೀಪ ತೋರಿಸಬೇಡಿ. ನಾಲ್ಕು ದಿನಗಳಲ್ಲಿ ಎರಡನೆಯದೂ ಮೂರನೆಯದೂ ಒಂದೇ ತೆರನಾಗಿ ಬೂಷ್ಟು ಹಿಡಿದಿರುವುದು ಕಾಣುತ್ತದೆ. ಮೊದಲನೆಯದೂ ಅಷ್ಟೇ ಹಿಡಿದಿದ್ದರೆ ದೀಪವೇ ಸತ್ತಿದೆ ಎಂದರ್ಥ, ಏಕೆಂದರೆ ಕೆಲವು ಸಾವಿರ ಗಂಟೆ ಉರಿದ ಕೊಳವೆಯಲ್ಲಿ ನೀಲಿ ಹೊಳಪು ಉಳಿದರೂ ಕೊಲ್ಲುವ ಕಿರಣ ಕುಗ್ಗಿರುತ್ತದೆ. ಸೊಳ್ಳೆ ಹಿಡಿಯುವ ಯಂತ್ರದ ನೀಲಿ ಕೊಳವೆಯನ್ನು ಇದೇ ಕೆಲಸಕ್ಕೆ ಹಾಕಿಕೊಂಡವರನ್ನೂ ನಾನು ಕಂಡಿದ್ದೇನೆ. ಅದರ ಬೆಳಕು ಬೇರೆಯೇ ಜಾತಿಯದು.

ಹಾಳಾದ ಸೀಸೆಗಳನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ತುಂಡಿನಿಂದ ದೂರದಲ್ಲಿ, ಮಾಧ್ಯಮದ ಮೇಲೆ ಹತ್ತಿಯಂತಹ ಚುಕ್ಕೆ ಮೂಡಿದ್ದರೆ ಅದು ಗಾಳಿಯಿಂದಲೋ ಕೈಯಿಂದಲೋ ಬಂದದ್ದು. ತುಂಡಿನ ಬುಡದಲ್ಲೇ ಗಂಜಿತಿಳಿಯಂತಹ ಬಿಳಿ ಮಬ್ಬು ಹರಡಿದ್ದರೆ ಅದು ಬಹುಮಟ್ಟಿಗೆ ಬಾಳೆಯ ಅಂಗಾಂಶದ ಒಳಗೇ ನೆಲೆಸಿರುವ ಬ್ಯಾಕ್ಟೀರಿಯಾ. ತುಂಡು ಇಡದೆ ಒಂದು ವಾರ ಬಿಟ್ಟ ಸೀಸೆಯೂ ಕೆಟ್ಟಿದ್ದರೆ ಮಾಧ್ಯಮ ಸರಿಯಾಗಿ ಬೆಂದಿಲ್ಲ. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, 15ರಿಂದ 20 ನಿಮಿಷ ಬೇಯಿಸುವ ಬದಲಿಗೆ ಯಾವ ದೀಪವೂ ಇಲ್ಲ.

ಕಂದಿನ ತುಂಡಿಗಂತೂ ಈ ಕಿರಣ ಹಾಯಿಸಲೇಬಾರದು. ಅದು ಮೇಲ್ಪದರದ ಕೋಶಗಳನ್ನು ಸುಡುತ್ತದೆ, ಒಳಗಿನ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಮೊದಲೇ ಕೊಯ್ದ ಕೂಡಲೇ ಕಪ್ಪಾಗುವ ಬಾಳೆ ಗಾಯಗೊಂಡು ಇನ್ನಷ್ಟು ಕಪ್ಪಾಗುತ್ತದೆ. ಮಣ್ಣು ಹೋಗುವಂತೆ ಹರಿವ ನೀರಿನಲ್ಲಿ ತೊಳೆದು, ಹೊರಪದರಗಳನ್ನು ಒಂದೊಂದಾಗಿ ಬಿಡಿಸಿ, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಮಾಧ್ಯಮದಂತೆಯೇ ಒತ್ತಡದಲ್ಲಿ ಬೇಯಿಸಿ ಶುದ್ಧಗೊಳಿಸಿದ ನೀರಿನಲ್ಲಿ ಮೂರು ಸಲ ಜಾಲಾಡಿಸಿ. ದೀಪವನ್ನು ಕೆಲಸಕ್ಕೆ ಮುನ್ನ, ಸ್ಪಿರಿಟ್‌ನಿಂದ ಒರೆಸಿದ ಖಾಲಿ ಪೆಟ್ಟಿಗೆಯಲ್ಲಿ 20 ನಿಮಿಷ ಉರಿಸಿ ಆರಿಸಿಬಿಡಿ.

ಉರಿಯುವಾಗ ನೀವಾಗಲಿ ಮಗಳಾಗಲಿ ಎದುರಿಗೆ ಇರಬಾರದು. ಹಲವು ವರ್ಷಗಳ ಹಿಂದೆ ಆರಿಸಲು ಮರೆತು ಕೆಲವು ನಿಮಿಷ ಪೆಟ್ಟಿಗೆಯೊಳಗೆ ಕೈಯಾಡಿಸಿದ್ದೆ; ಆಗ ಏನೂ ತಿಳಿಯಲಿಲ್ಲ, ನಡುರಾತ್ರಿ ಎರಡೂ ಕಣ್ಣುಗಳಿಗೆ ಹೊಯ್ಗೆ ತುಂಬಿದಂತಾಗಿ ಬೆಳಗಿನವರೆಗೆ ರೆಪ್ಪೆ ತೆರೆಯಲಾಗಲಿಲ್ಲ.

ಪ್ರಶ್ನೆ: ಇದೇ ಕಿರಣವನ್ನು ಹಲಸಿನ ಚಿಗುರಿಗೆ ಹಾಯಿಸಿ ಹೊಸ ತಳಿ ಪಡೆಯಬಹುದೇ? (ಸುರತ್ಕಲ್‌ನ ಓದುಗರು)

ಉತ್ತರ: ತಳಿ ಬದಲಾವಣೆಗೆ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಗಾಮಾ ಕಿರಣವನ್ನು, ಏಕೆಂದರೆ ಅದು ಅಂಗಾಂಶದ ಆಳಕ್ಕೆ ಇಳಿಯುತ್ತದೆ. ನೇರಳಾತೀತ ಕಿರಣ ಮೇಲಿನ ಕೆಲವು ಪದರಗಳಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಆದ ಹಾನಿಯ ಬಹುಪಾಲನ್ನೂ ಗಿಡ ಹಗಲ ಬೆಳಕಿನ ನೆರವಿನಿಂದಲೇ ಸರಿಪಡಿಸಿಕೊಳ್ಳುತ್ತದೆ. ಹಲಸಿನಲ್ಲಿ ವೈವಿಧ್ಯಕ್ಕೆ ದೀಪವೇಕೆ? ಬೀಜದಿಂದ ಎದ್ದ ಮರಗಳೆಲ್ಲ ಒಂದೊಂದು ಬಗೆ. ನಿಮ್ಮ ಊರಿನಲ್ಲೇ ಒಳ್ಳೆಯ ಸೊಳೆಯ ಮರವೊಂದನ್ನು ಗುರುತಿಸಿ, ಅದರ ಕಡ್ಡಿಯಿಂದ ಕಸಿ ಕಟ್ಟಿಸಿ.