ಆಯಾ ಸೆರಗು ಬಿಡದ ಕೂಸು

ಕೋಲಾರದ ತಾಯಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಕೆಲಸ ನರಸಾಪುರದ ಫ್ಯಾಕ್ಟರಿಯಲ್ಲಿ, ಮಗನಿಗೆ 10 ತಿಂಗಳು. ಬೆಳಿಗ್ಗೆ ಅವನನ್ನು ಮನೆ ಹತ್ತಿರದ ಡೇ ಕೇರ್‌ಗೆ ಬಿಟ್ಟು ಕಂಪನಿ ಬಸ್ ಹತ್ತುತ್ತಾರೆ. ಸಂಜೆ ಗಂಡ ಬೈಕ್ ನಿಲ್ಲಿಸಿ ಬೀದಿಯಿಂದಲೇ ಹಾರ್ನ್ ಹೊಡೆಯುತ್ತಾರೆ, ಇವರು ಒಳಗೆ ಓಡಿ ಮಗುವನ್ನು ಎತ್ತಿಕೊಂಡು ಬರುತ್ತಾರೆ.

ಡೇ ಕೇರ್ ಅಂದರೆ ಹಳೇ ಮನೆಯ ಪಡಸಾಲೆ. ಮೂರು ಕೂಸು, ಒಬ್ಬರು ಆಯಾ. ‘ಆಟಿಕೆಯೇ ಇಲ್ಲ ಮೇಡಂ. ಚೊಂಬು, ತಟ್ಟೆ, ಸೌಟು ಅಷ್ಟೇ. ಮೈಯೆಲ್ಲ ರಾಗಿಹಿಟ್ಟು. ಆಯಾ ಅವರೆಕಾಯಿ ಬಿಡಿಸುವಾಗಲೂ ಪಕ್ಕದಲ್ಲೇ ಕೂರಿಸಿಕೊಳ್ತಾರೆ.’ ಬೆಂಗಳೂರಿನ ನಾದಿನಿ ತಮ್ಮ ಮಗಳ ಡೇ ಕೇರ್ ಫೋಟೊ ಕಳಿಸಿದ್ದಾರೆ: ಬಣ್ಣದ ದೀಪದ ಗೋಡೆ, ಮುಟ್ಟಿ, ನೋಡಿ, ಕೇಳಿ ಆಡೋಕೆ ಅಂತಲೇ ಮಾಡಿದ ಸೆನ್ಸರಿ ರೂಮ್, ದೊಡ್ಡ ಟಿವಿಯಲ್ಲಿ ರೈಮ್ಸ್. ಅಂಥದ್ದೇ ಒಂದು ಈಗ ಕೋಲಾರದಲ್ಲೂ ಶುರುವಾಗಿದೆ. ಫೀಸು ಸಂಬಳದ ಅರ್ಧ. ಸೇರಿಸಲಾ, ಇಲ್ಲದಿದ್ದರೆ ಮಗ ಹಿಂದೆ ಬೀಳ್ತಾನಾ?

ಆಮೇಲೆ, ಸಹಿಗೆ ಮುಂಚೆ ಒಂದೇ ಸಾಲು: ‘ಅಂದಹಾಗೆ, ಕರೆಯೋಕೆ ಹೋದರೆ ಆಯಾ ಸೆರಗು ಬಿಡದೆ ಅಳ್ತಾನೆ.’

ಅಮ್ಮಾ, ನಾಲ್ಕು ಪುಟ ಬರೆಸಿದ್ದು ಈ ಸಾಲೇ ಅಲ್ವಾ? ನನ್ನ ಮಗಳು ಪಕ್ಕದ ಮನೆ ಅಜ್ಜಿಯ ಸೊಂಟ ಬಿಟ್ಟು ಇಳಿಯದಿದ್ದ ದಿನ ನಾನು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಹೊಟ್ಟೆಕಿಚ್ಚು ಸ್ವಾಮಿ, ಇನ್ನೇನು.

ಎಂಟು–ಒಂಬತ್ತು ತಿಂಗಳ ಹೊತ್ತಿಗೆ ಕೂಸಿಗೆ ನಮ್ಮವರು ಯಾರು, ಹೊಸಬರು ಯಾರು ಎಂದು ಚೆನ್ನಾಗಿ ಗೊತ್ತಾಗುತ್ತೆ. ನಿಮ್ಮ ಮಗ ಆಯಾಳನ್ನು ನಮ್ಮವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ. ಅದರಿಂದ ನಿಮ್ಮ ಪಾಲು ಕಮ್ಮಿಯಾಗಲಿಲ್ಲ. ಈ ವಯಸ್ಸಿನಲ್ಲಿ ಆ ಕೈ ಬಿಡಿಸಿ ಗುರುತಿಲ್ಲದವರ ಕೈಗೆ ಕೊಡ್ತೀರಾ, ಅದೂ ದೀಪದ ಗೋಡೆಗೋಸ್ಕರ?

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವಬ್ಯಾಂಕ್ ಸೇರಿ 2018ರಲ್ಲಿ ಎಳೆಮಕ್ಕಳಿಗೆ ಬೇಕಾದ ಐದು ವಿಷಯ ಹೇಳಿದವು: ಆರೋಗ್ಯ, ಒಳ್ಳೆಯ ಆಹಾರ, ಸುರಕ್ಷತೆ, ಕಲಿಯುವ ಅವಕಾಶ, ಮತ್ತೆ ಕೂಸು ಅತ್ತರೆ, ನಕ್ಕರೆ, ಕೈಚಾಚಿದರೆ ತಿರುಗಿ ಸ್ಪಂದಿಸುವವರು. ಟಿವಿಯ ಬಗ್ಗೆ ಅದೇ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ವರ್ಷ ತುಂಬುವವರೆಗೆ ಯಾವ ಸ್ಕ್ರೀನೂ ಬೇಡ ಅಂತ. ನಾದಿನಿಗೆ ಇದನ್ನು ಫಾರ್ವರ್ಡ್ ಮಾಡಿ. ಸುಮ್ನೆ ಫೋಟೊ ಕಳಿಸಿ ಇನ್ನೊಬ್ಬರ ನಿದ್ದೆ ಕೆಡಿಸುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು.

ಚೊಂಬು, ಸೌಟಿನ ವಿಷಯಕ್ಕೆ ಬಂದರೆ ನಾನು ಪೂರ್ತಿ ಆಯಾ ಪಕ್ಷ. ಈ ಅಂಕಣ ಓದುವವರಿಗೆ ನನ್ನ ಸ್ಟೀಲ್ ಪಾತ್ರೆ ಹುಚ್ಚು ಗೊತ್ತೇ ಇದೆ. ಚೊಂಬು ತಣ್ಣಗಿರುತ್ತೆ, ಬಡಿದರೆ ಸದ್ದು, ಬಿಟ್ಟರೆ ಉರುಳುತ್ತೆ, ಇಣುಕಿದರೆ ಮುಖ ಕಾಣುತ್ತೆ. ಪ್ಲಾಸ್ಟಿಕ್ ಬಾತುಕೋಳಿ ಮಾಡೋದು ಒಂದೇ ಕೆಲಸ. ರಾಗಿಹಿಟ್ಟಿಗೆ ನೀರು ಹಾಕಿ ಕಲಸಿ ಕೊಡಲಿ, ಒಣಹಿಟ್ಟು ಮೂಗಿಗೆ ಹೋಗುತ್ತೆ. ಅವರೆಕಾಯಿಯ ಸೊಗಡಂತೂ ಯಾವ ಸೆನ್ಸರಿ ರೂಮಿನಲ್ಲೂ ಸಿಗೋದಿಲ್ಲ. ಆದರೆ ಕಾಳು ಮಾತ್ರ ಕೂಸಿನ ಕೈಗೆ ಸಿಗಬಾರದು. ಈ ವಯಸ್ಸಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ, ಕಾಳು ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತೆ. ಆಯಾಗೆ ಇದೊಂದನ್ನು ಖಡಾಖಂಡಿತವಾಗಿ ಹೇಳಿ.

ನೀವು ಮಾಡಬೇಕಾದ್ದು ಒಂದೇ. ನಾಳೆ ಸಂಜೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆಯಾ ಪಕ್ಕ ನೆಲದ ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ. ಮಗುವನ್ನು ಎಳೆದುಕೊಳ್ಳಬೇಡಿ, ಅವನೇ ಅಂಬೆಗಾಲಿಟ್ಟು ಬರಲಿ. ಹೊರಗೆ ಹಾರ್ನ್ ಕೇಳಿದರೆ ನೀವು ಏಳಬೇಡಿ, ಅವರನ್ನೇ ಒಳಗೆ ಕರೆಯಿರಿ.