ಮಳೆಗಾಲದಲ್ಲಿ ಕುದುರೆಮುಖ ಹತ್ತುವಾಗ ಇಂಬಳದ (ನೆಲದ ಜಿಗಣೆಯ) ಕಾಟ ತಪ್ಪಿಸುವುದು ಹೇಗೆ? ಕಚ್ಚಿದರೆ ಏನು ಮಾಡಬೇಕು?

ಮಾಮೂಲಿ ಕಾಲುಚೀಲ ಸಾಲದು, ಅದರ ಹೆಣಿಗೆಯ ಸಂದಿಯಲ್ಲೇ ಇಂಬಳ ತೂರಿಕೊಳ್ಳುತ್ತದೆ. ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಹೊಲಿದ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ತುರುಕಿ ಮೇಲೆ ದಾರ ಬಿಗಿಯಿರಿ. ಶೂ ಮೇಲೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸವರಬಹುದು. ಆದರೆ ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿಬರುವ ಸುಮಾರು 20 ಕಿ.ಮೀ. ದಾರಿಯಲ್ಲಿ ಹಲವು ಹಳ್ಳಗಳಿವೆ, ಮೊದಲನೆಯದರಲ್ಲೇ ಅದು ತೊಳೆದುಹೋಗುತ್ತದೆ. ನೆಲಕ್ಕಂತೂ ಉಪ್ಪು ಎರಚಲೇಬೇಡಿ, ಅಲ್ಲಿನ ಕಪ್ಪೆಗಳ ತೆಳುಚರ್ಮ ಅದನ್ನು ತಡೆಯುವುದಿಲ್ಲ.

ಇಂಬಳ ನಮ್ಮ ಹೆಜ್ಜೆಯ ಕಂಪನ, ಉಸಿರು, ಮೈಬಿಸಿ ಹಿಡಿದು ಬರುತ್ತದೆ. ಹಾಗಾಗಿ ಗುಡ್ಡಗಳ ಕಣಿವೆಯ ದಟ್ಟ ಶೋಲಾ ಕಾಡಿನ ತರಗೆಲೆ ಮೇಲೆ ನಿಲ್ಲದೆ ನಡೆಯಿರಿ. ಸುಧಾರಿಸಿಕೊಳ್ಳುವುದಿದ್ದರೆ ಬಯಲಿನ ಬೋಳು ಬಂಡೆ ಮೇಲೆ.

ಕಚ್ಚಿದ್ದು ಕಂಡರೆ ಹಿಡಿದೆಳೆಯಬೇಡಿ, ಬೆಂಕಿ ತಾಗಿಸಬೇಡಿ, ಉಪ್ಪೂ ಬೇಡ. ಗಾಬರಿಬಿದ್ದ ಇಂಬಳ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು, ಸೋಂಕಾಗುವುದು ಅದರಿಂದ. ಸಣ್ಣಗಿರುವ ತುದಿಯೇ ಬಾಯಿ. ಅದರ ಪಕ್ಕದ ಚರ್ಮವನ್ನು ಬಿಗಿಹಿಡಿದು, ಉಗುರನ್ನು ಅಡ್ಡಲಾಗಿ ಜಾರಿಸಿ ಬಿಡಿಸಿ. ತಕ್ಷಣ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ ದೂರ ಚಿಮ್ಮಿ, ತಡಮಾಡಿದರೆ ಬೆರಳಿಗೇ ಅಂಟುತ್ತದೆ.

ಅದರ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟಲು ಬಿಡದು. ಕೆಲವು ಗಂಟೆ ಜಿನುಗಿದರೂ ಹೆದರಬೇಕಿಲ್ಲ. ಸೋಪಿನಿಂದ ತೊಳೆದು, ಹತ್ತಿ ಒತ್ತಿ ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಚಾರಣಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ.